ಮೂರನೆಯ ದಿನದ ಸಾಕ್ಷಿಗಳು

ಗ್ರೀಸ್‌ನ ಡೆಲ್ಫಿಯಲ್ಲಿ ಸಿಕ್ಕ ಕಲ್ಲಿನ ನಾಲ್ಕು ಚೂರುಗಳ ಬರಹವನ್ನು ಫ್ರೆಂಚ್ ವಿದ್ವಾಂಸ ಎಮಿಲ್ ಬೂರ್ಗೆ 1905ರಲ್ಲಿ ಪ್ರಕಟಿಸಿದರು. ಮುಂದೆ ಅದೇ ಶಾಸನದ ಇನ್ನಷ್ಟು ಚೂರುಗಳು ಗುರುತಿಗೆ ಬಂದು ಒಟ್ಟು ಒಂಬತ್ತಾದವು. ಅದು ರೋಮಿನ ಚಕ್ರವರ್ತಿ ಕ್ಲಾಡಿಯಸ್ ಬರೆಸಿದ ಪತ್ರ. ಡೆಲ್ಫಿ ಪಟ್ಟಣ ಜನರಿಲ್ಲದೆ ಬರಿದಾಗುತ್ತಿದೆ, ಬೇರೆ ಊರುಗಳವರನ್ನು ಕರೆತಂದು ನೆಲೆಗೊಳಿಸಬೇಕು ಎಂಬುದು ಅದರ ವಿಷಯ. ಯೇಸುವಿನ ಹೆಸರಾಗಲಿ ಕ್ರೈಸ್ತರ ಸುದ್ದಿಯಾಗಲಿ ಅದರಲ್ಲಿಲ್ಲ. ಆದರೂ ಯೇಸು ಸತ್ತು ಮೂರನೆಯ ದಿನ ಎದ್ದ ಎಂಬ ನಂಬಿಕೆಗೆ ಸಿಗುವ ಅತಿ ಹಳೆಯ ಲಿಖಿತ ಸಾಕ್ಷ್ಯ ಯಾವ ಕಾಲದ್ದು ಎಂದು ಇಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಹೆಚ್ಚಾಗಿ ಈ ಚೂರುಗಳಿಂದಲೇ.

ಯುದ್ಧ ಗೆದ್ದಾಗಲೆಲ್ಲ ಸೇನೆ ಚಕ್ರವರ್ತಿಗೆ ಜಯಘೋಷ ಹಾಕುತ್ತಿತ್ತು. ಅದು ಎಷ್ಟನೆಯದೆಂದು ಬಿರುದುಗಳ ಸಾಲಿನಲ್ಲಿ ಎಣಿಸಿ ಬರೆಯುವುದು ವಾಡಿಕೆ. ಡೆಲ್ಫಿಯ ಪತ್ರದಲ್ಲಿರುವುದು 26ನೆಯ ಜಯಘೋಷ. 52ರ ಆಗಸ್ಟ್ 1ರಂದು ಉದ್ಘಾಟನೆಯಾದ ರೋಮಿನ ಮೇಲ್ಗಾಲುವೆಯ ಶಾಸನದಲ್ಲಿ ಆಗಲೇ 27 ಎಂದಿದೆ. ಆದ್ದರಿಂದ ಪತ್ರ ಅದಕ್ಕಿಂತ ಮುಂಚಿನದು, ಬಹುಮಟ್ಟಿಗೆ 52ರ ಮೊದಲ ಏಳು ತಿಂಗಳೊಳಗಿನದು. ಡೆಲ್ಫಿಯ ಸ್ಥಿತಿಯನ್ನು ಚಕ್ರವರ್ತಿಗೆ ತಿಳಿಸಿದ ಅಧಿಕಾರಿಯ ಹೆಸರೂ ಅಲ್ಲಿದೆ: ಗಲ್ಲಿಯೋ, ತತ್ತ್ವಜ್ಞಾನಿ ಸೆನೆಕನ ಅಣ್ಣ, ಅಖಾಯ ಪ್ರಾಂತ್ಯದ ಅಧಿಪತಿ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ, ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲನನ್ನು ಕೊರಿಂಥ ನಗರದಲ್ಲಿ ಯಾರ ನ್ಯಾಯಪೀಠದ ಮುಂದೆ ನಿಲ್ಲಿಸಿದರೋ ಆ ಗಲ್ಲಿಯೋ ಇವನೇ. ಇಂಥ ಅಧಿಪತಿಗಳ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಹಾಗಾಗಿ ಪೌಲ 51ರ ಆಸುಪಾಸಿನಲ್ಲಿ ಕೊರಿಂಥದಲ್ಲಿದ್ದ. ಅವನ ಬದುಕಿನ ಉಳಿದ ಘಟನೆಗಳನ್ನು ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಬಹುದು.

ಶಾಸನಗಳಿಂದ ಚರಿತ್ರೆ ಕಟ್ಟಿಕೊಂಡ ನಮ್ಮ ನಾಡಿಗೆ ಈ ದಾರಿ ಹೊಸದಲ್ಲ. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634–35ರಲ್ಲಿ, ಕೆತ್ತಿಸಿದ ಶಾಸನ ಹುಟ್ಟಿದ್ದು ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಹಾಡಲು. ಆದರೆ ರವಿಕೀರ್ತಿ ಅದರಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಆ ಒಂದು ಉಲ್ಲೇಖದಿಂದ ಕಾಳಿದಾಸ ಅದಕ್ಕಿಂತ ಈಚಿನವನಾಗಲಾರ ಎಂಬುದು ಗಟ್ಟಿಯಾಯಿತು. ಬೇರಾವುದೋ ಉದ್ದೇಶಕ್ಕೆ ಹುಟ್ಟಿದ ದಾಖಲೆ ಮಾತಿನ ನಡುವೆ ಸಹಜವಾಗಿ ಬಿಟ್ಟುಕೊಡುವ ಸಂಗತಿಗೆ ಇತಿಹಾಸಕಾರರು ಹೆಚ್ಚು ಬೆಲೆ ಕೊಡುತ್ತಾರೆ. ಯಾರನ್ನೂ ಒಪ್ಪಿಸುವ ಆತುರ ಅದಕ್ಕಿರುವುದಿಲ್ಲ.

ಕೊರಿಂಥದಿಂದ ಹೊರಟ ಪೌಲ ಮುಂದೆ ಎಫೆಸದಲ್ಲಿ ನೆಲೆಸಿ, ಸುಮಾರು 53ರಿಂದ 55ರೊಳಗೆ, ಕೊರಿಂಥದ ಸಭೆಗೆ ಪತ್ರ ಬರೆದ. ಅದರ 15ನೆಯ ಅಧ್ಯಾಯದ ಆರಂಭದಲ್ಲಿ ಕೆಲವೇ ಸಾಲುಗಳ ಒಂದು ಪಟ್ಟಿಯಿದೆ. ಕ್ರಿಸ್ತ ಸತ್ತದ್ದು, ಹೂಳಲ್ಪಟ್ಟದ್ದು, ಮೂರನೆಯ ದಿನ ಎದ್ದದ್ದು. ಮೊದಲು ಯೇಸುವಿನ ಶಿಷ್ಯ ಪೇತ್ರನಿಗೆ, ಆಮೇಲೆ ಹನ್ನೆರಡು ಮಂದಿಗೆ, ಆಮೇಲೆ ಒಂದೇ ಸಲಕ್ಕೆ ಐನೂರಕ್ಕೂ ಹೆಚ್ಚು ಜನರಿಗೆ, ಯಾಕೋಬನಿಗೆ, ಎಲ್ಲ ಅಪೊಸ್ತಲರಿಗೆ, ಕಟ್ಟಕಡೆಗೆ ಪೌಲನಿಗೂ ಕಾಣಿಸಿಕೊಂಡದ್ದು. ಇದು ತಾನು ಕಟ್ಟಿದ ಮಾತಲ್ಲ, ತನಗೂ ಬೇರೆಯವರಿಂದ ಬಂದದ್ದು, ಕೊರಿಂಥದಲ್ಲಿದ್ದಾಗಲೇ ನಿಮಗೆ ಹೇಳಿಕೊಟ್ಟದ್ದು ಎಂದು ಪೌಲ ಮೊದಲೇ ತಿಳಿಸುತ್ತಾನೆ. ಭಾಷೆಯೂ ಅದನ್ನೇ ಹೇಳುತ್ತದೆ. ಪಟ್ಟಿಯ ಮೊದಲ ಭಾಗದ ವಾಕ್ಯಗಳು ಬಾಯಿಪಾಠಕ್ಕೆ ಒಗ್ಗುವಷ್ಟು ಗಿಡ್ಡ, ಒಂದೇ ಅಚ್ಚಿನವು. ಯೇಸುವಿನ ಆಪ್ತ ಶಿಷ್ಯರನ್ನು ಹನ್ನೆರಡು ಮಂದಿ ಎಂದು ಪೌಲ ತನ್ನ ಬೇರಾವ ಪತ್ರದಲ್ಲೂ ಕರೆದಿಲ್ಲ.

ಹಾಗಾದರೆ ಅವನಿಗೆ ಇದು ಸಿಕ್ಕಿದ್ದು ಯಾವಾಗ? ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸುಳಿವಿದೆ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ತಾನು ಮನಸ್ಸು ತಿರುಗಿ ಮೂರು ವರ್ಷಗಳಾದ ಮೇಲೆ ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದೆ, ಯೇಸುವಿನ ಸಹೋದರ ಯಾಕೋಬನನ್ನೂ ಕಂಡೆ ಎಂದು ಅಲ್ಲಿ ಬರೆಯುತ್ತಾನೆ. ಅರಸ ಅರೇತನ ಅಧಿಕಾರಿ ದಮಸ್ಕದಲ್ಲಿ ತನ್ನನ್ನು ಹಿಡಿಯಲು ಕಾದಿದ್ದನೆಂದು ಮತ್ತೊಂದು ಪತ್ರದಲ್ಲಿ ಹೇಳುತ್ತಾನೆ. ಅರೇತ ಸತ್ತದ್ದು ಸುಮಾರು 40ರಲ್ಲಿ. ಯೇಸುವನ್ನು ಶಿಲುಬೆಗೇರಿಸಿದ್ದು 30 ಅಥವಾ 33ರಲ್ಲಿ. ಇವನ್ನೆಲ್ಲ ಜೋಡಿಸಿ ನೋಡಿದರೆ ಪೌಲ–ಪೇತ್ರರ ಆ 15 ದಿನಗಳು 30ರ ದಶಕದೊಳಗೇ ಬೀಳುತ್ತವೆ. ಪಟ್ಟಿಯ ತಿರುಳು ಘಟನೆಯಾದ ಕೆಲವೇ ವರ್ಷಗಳೊಳಗೆ ರೂಪುಗೊಂಡಿತ್ತು ಎಂಬುದನ್ನು ಪುನರುತ್ಥಾನವನ್ನು ನಂಬದ ವಿದ್ವಾಂಸರೂ ಒಪ್ಪುತ್ತಾರೆ. ಅಲೆಕ್ಸಾಂಡರನ ಬಗ್ಗೆ ನಾವು ಹೆಚ್ಚು ನೆಚ್ಚುವ ಆರಿಯನ್‌ನ ಚರಿತ್ರೆ ಅಲೆಕ್ಸಾಂಡರ್ ಸತ್ತು 400 ವರ್ಷ ದಾಟಿದ ಮೇಲಿನದು, ಅದೂ ಹಳೆಯ ಬರಹಗಳ ಆಧಾರದಿಂದ ಬರೆದದ್ದು. ತಲೆಮಾರುಗಳ ಬಾಯಲ್ಲಿ ಬೆಳೆದ ದಂತಕಥೆ ಎಂದು ಪುನರುತ್ಥಾನದ ಸುದ್ದಿಯನ್ನು ತಳ್ಳಿಹಾಕುವ ಹಳೆಯ ವಾದಕ್ಕೆ ಇಲ್ಲಿ ಜಾಗವಿಲ್ಲ. ಬೆಳೆಯಲು ತಲೆಮಾರುಗಳೇ ಸಿಗಲಿಲ್ಲ.

ಆದರೆ ಪಟ್ಟಿ ಏನನ್ನು ಹೇಳುವುದಿಲ್ಲ ಎಂಬುದನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಬರಿದಾದ ಸಮಾಧಿಯ ಮಾತು ಅದರಲ್ಲಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆಗಳು ಮುಂಜಾವಿನಲ್ಲಿ ಸಮಾಧಿಗೆ ಮೊದಲು ಕಳಿಸುವ ಮಗ್ದಲದ ಮರಿಯಳಿಲ್ಲ. ಐನೂರು ಜನ ಕಂಡದ್ದು ಯಾವ ಊರಲ್ಲಿ, ಯಾವ ಹೊತ್ತಿನಲ್ಲಿ ಎಂಬುದಿಲ್ಲ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಪೌಲ ಸೇರಿಸುತ್ತಾನೆ. ಬೇಕಾದರೆ ಕೇಳಿ ನೋಡಿ ಎಂಬ ಧ್ವನಿ ಅದರಲ್ಲಿದೆ ನಿಜ. ಆದರೆ ಕೊರಿಂಥದವರು ಕೇಳಬೇಕಿದ್ದರೆ ಸಮುದ್ರ ದಾಟಿ ಹೋಗಬೇಕಿತ್ತು. ಇನ್ನೂ ಮುಖ್ಯವಾದದ್ದು, ದಮಸ್ಕದ ದಾರಿಯಲ್ಲಿ ತನಗಾದ ಅನುಭವವನ್ನು ಪೌಲ ಪೇತ್ರನ ಅನುಭವದ ಸಾಲಿನಲ್ಲೇ ಇಡುತ್ತಾನೆ. ಪೌಲನಿಗೆ ಆದದ್ದು ಬೆಳಕು, ಧ್ವನಿ ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಪೇತ್ರನಿಗೆ ಆದದ್ದು ಊಟಕ್ಕೆ ಕೂತ ಒಬ್ಬ ಮನುಷ್ಯನ ಭೇಟಿ ಎಂಬಂತೆ ಸುವಾರ್ತೆಗಳು ಹೇಳುತ್ತವೆ. ಎರಡನ್ನೂ ಒಂದೇ ಬಗೆಯದೆಂದು ಎಣಿಸಬೇಕೇ ಎಂಬ ಪ್ರಶ್ನೆಯಲ್ಲೇ ಈ ವಿಷಯದ ಅರ್ಧ ವಿವಾದ ಅಡಗಿದೆ.

ಹೂಳಲ್ಪಟ್ಟ ಎಂಬ ಮಾತನ್ನೂ ಹಲವರು ಸಂಶಯಿಸಿದ್ದರು. ರೋಮನ್ನರು ಶಿಲುಬೆಗೇರಿಸಿದವರ ಹೆಣಗಳನ್ನು ಹದ್ದು ನಾಯಿಗಳಿಗೆ ಬಿಡುತ್ತಿದ್ದರು, ಸಮಾಧಿ ಎಲ್ಲಿಂದ ಬಂತು ಎಂಬುದು ಪ್ರಶ್ನೆ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಗಿವತ್ ಹಮಿವ್ತಾರ್‌ನ ಬಂಡೆಗವಿಯಲ್ಲಿ ವಸಿಲಿಯೊಸ್ ತ್ಸಾಫೆರಿಸ್ ಒಂದು ಕಲ್ಲಿನ ಮೂಳೆಪೆಟ್ಟಿಗೆ ಕಂಡರು. ಅದರ ಮೇಲೆ ಯೆಹೋಹನಾನ್ ಎಂಬ ಹೆಸರಿತ್ತು. ಒಳಗಿದ್ದ ಬಲಹಿಮ್ಮಡಿಯ ಮೂಳೆಯಲ್ಲಿ 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಇನ್ನೂ ನಾಟಿಕೊಂಡಿತ್ತು. ಮೊಳೆಯ ತುದಿ ಬಾಗಿದ್ದರಿಂದ ಹೆಣ ಇಳಿಸುವಾಗ ಕೀಳಲಾಗಲಿಲ್ಲವೆಂದು ತೋರುತ್ತದೆ. ಒಂದೇ ಮೊಳೆ ಎರಡೂ ಹಿಮ್ಮಡಿಗಳನ್ನು ತೂರಿತ್ತು ಎಂಬ ಮೊದಲ ವರದಿಯನ್ನು 1985ರಲ್ಲಿ ಜೋಸೆಫ್ ಜಿಯಾಸ್ ಮತ್ತು ಎಲಿಯೆಜರ್ ಸೆಕೆಲೆಸ್ ಮೂಳೆಗಳನ್ನು ಮತ್ತೆ ಪರೀಕ್ಷಿಸಿ ತಿದ್ದಿದರು. ಅಂದಿನ ಯೆಹೂದ್ಯರಲ್ಲಿ ಹೆಣವನ್ನು ಬಂಡೆಗವಿಯಲ್ಲಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆರಿಸಿ ಪೆಟ್ಟಿಗೆಗೆ ಹಾಕುವ ಪದ್ಧತಿಯಿತ್ತು. ಶಿಲುಬೆಯಲ್ಲಿ ಸತ್ತ ಯೆಹೋಹನಾನನಿಗೂ ಅವನ ಮನೆಯವರು ಅದೆಲ್ಲವನ್ನೂ ಮಾಡಿದ್ದರು. ಅಲ್ಲಿಗೆ ಸಮಾಧಿ ಅಸಾಧ್ಯವಾಗಿತ್ತು ಎನ್ನುವ ವಾದ ಬಿತ್ತು. ಯೇಸುವಿಗೆ ಸಮಾಧಿಯಾಯಿತು ಎಂಬುದು ಅಷ್ಟರಿಂದಲೇ ಸಾಬೀತಾಗಲಿಲ್ಲ. ಯೆಹೂದ್ಯರು ಶಿಲುಬೆಗೇರಿದವರನ್ನೂ ಹೊತ್ತು ಮುಳುಗುವ ಮೊದಲು ಇಳಿಸಿ ಹೂಳುತ್ತಿದ್ದರೆಂದು ಅದೇ ಶತಮಾನದ ಚರಿತ್ರೆಕಾರ ಜೋಸೆಫಸ್ ಬರೆದಿರುವುದನ್ನು ಇದಕ್ಕೆ ಸೇರಿಸಿದರೆ ಸಾಧ್ಯತೆ ಬಲವಾಗುತ್ತದೆ. ಮೊಳೆ ನಾಟಿದ ಹಿಮ್ಮಡಿ ಎಷ್ಟು ಅಪರೂಪವೆಂದರೆ, 2017ರಲ್ಲಿ ಇಂಗ್ಲೆಂಡಿನ ಫೆನ್‌ಸ್ಟಾಂಟನ್‌ನ ರೋಮನ್ ಕಾಲದ ಸ್ಮಶಾನದಲ್ಲಿ ಅಂಥದೊಂದು ಸಿಕ್ಕದ್ದು ಮುಂದೆ ದೊಡ್ಡ ಸುದ್ದಿಯಾಯಿತು.

ಜನ ಹೆಚ್ಚಾಗಿ ಕೇಳುವುದು, ಯೇಸುವಿನ ಹೆಣಕ್ಕೆ ಸುತ್ತಿದ್ದೆಂದು ಹಲವರು ನಂಬುವ ಟ್ಯೂರಿನ್ ನಗರದ ಶವವಸ್ತ್ರದ ಬಗ್ಗೆ. 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾಗಳ ಮೂರು ಪ್ರಯೋಗಾಲಯಗಳು ಅದರ ತುಣುಕುಗಳನ್ನು ಇಂಗಾಲ ಪದ್ಧತಿಯಲ್ಲಿ ಅಳೆದು 1260ರಿಂದ 1390ರೊಳಗಿನ ಬಟ್ಟೆಯೆಂದು ಹೇಳಿದವು. ಅದರ ಬಗ್ಗೆ ಸಿಗುವ ಮೊದಲ ಖಚಿತ ದಾಖಲೆಗಳೂ ಫ್ರಾನ್ಸಿನಲ್ಲಿ ಅದೇ 14ನೆಯ ಶತಮಾನದವು. ಯೆರೂಸಲೇಮಿನ ಪವಿತ್ರ ಸಮಾಧಿಯ ದೇವಾಲಯದಲ್ಲಿ 2016ರಲ್ಲಿ ದುರಸ್ತಿ ನಡೆದಾಗ ಅಥೆನ್ಸಿನ ತಂಡ ಮೂಲ ಬಂಡೆಗೂ ಅದರ ಮೇಲಿನ ಅಮೃತಶಿಲೆಗೂ ನಡುವಿನ ಗಾರೆಯನ್ನು ಪರೀಕ್ಷಿಸಿತು. ಗಾರೆಯಲ್ಲಿನ ಹರಳುಗಳು ಕೊನೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನದಿಂದ ಸುಮಾರು 345 ಎಂಬ ವರ್ಷ ಬಂತು, ಅಂದರೆ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ಕಟ್ಟಿಸಿದ ದೇವಾಲಯದ ಕಾಲ. 1009ರಲ್ಲಿ ದೇವಾಲಯವನ್ನು ಕೆಡವಿದರೂ ಜಾಗ ಅದೇ ಉಳಿದುಬಂದಿದೆ ಎಂಬುದಕ್ಕೆ ಇದು ಒಳ್ಳೆಯ ಆಧಾರ. ಯೇಸುವನ್ನು ಇಟ್ಟ ಸಮಾಧಿ ಅದೇ ಎಂಬುದಕ್ಕಲ್ಲ. ನಡುವಿನ 300 ವರ್ಷಗಳನ್ನು ಗಾರೆ ದಾಟಲಾರದು. ಯೇಸುವನ್ನು ಶಿಲುಬೆಗೇರಿಸಿದ ದಿನಾಂಕದ ವಿಷಯದಲ್ಲಿ ಖಗೋಳವಿಜ್ಞಾನ ಇನ್ನಷ್ಟು ಹತ್ತಿರ ಬಂದಿದೆ. ಅವನು ಸತ್ತದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ, ಒಂದು ಶುಕ್ರವಾರ ಎಂದು ಸುವಾರ್ತೆಗಳು ಹೇಳುತ್ತವೆ. ಆ ಹಬ್ಬ ಹುಣ್ಣಿಮೆಗೆ ಬರುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತ ಅಧಿಕಾರದಲ್ಲಿದ್ದ 26ರಿಂದ 36ರ ನಡುವೆ ಆ ಹುಣ್ಣಿಮೆ ಶುಕ್ರವಾರಕ್ಕೆ ಹೊಂದುವ ದಿನಗಳನ್ನು ಹುಡುಕಿದರೆ 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3 ಮುಂದೆ ನಿಲ್ಲುತ್ತವೆ. ಇದೇ ಲೆಕ್ಕಕ್ಕೆ ಕೈಹಾಕಿದ್ದ ಐಸಾಕ್ ನ್ಯೂಟನ್ 34ನೆಯ ವರ್ಷವನ್ನು ಆರಿಸಿದ್ದ.

ಈಗ ಸುವಾರ್ತೆಗಳಿಗೆ ಬರೋಣ. ಅವು ಬರಹಕ್ಕಿಳಿದದ್ದು ಪೌಲನ ಪತ್ರಗಳ ನಂತರ, ಸುಮಾರು 70ರಿಂದ 100ರೊಳಗೆ ಎಂದು ಬಹುಪಾಲು ವಿದ್ವಾಂಸರ ಅಂದಾಜು. ಮೊದಲ ಭಾನುವಾರ ಬೆಳಗ್ಗೆ ಸಮಾಧಿಗೆ ಹೋದವರು ಮಾರ್ಕನಲ್ಲಿ ಮೂವರು ಹೆಂಗಸರು, ಮತ್ತಾಯನಲ್ಲಿ ಇಬ್ಬರು. ಲೂಕ ಇನ್ನೂ ಕೆಲವರನ್ನು ಸೇರಿಸುತ್ತಾನೆ, ಯೋಹಾನ ಮಗ್ದಲದ ಮರಿಯಳೊಬ್ಬಳನ್ನೇ ಹೆಸರಿಸುತ್ತಾನೆ. ಅಲ್ಲಿ ಕಂಡದ್ದು ಒಬ್ಬ ತರುಣ, ಒಬ್ಬ ದೇವದೂತ, ಇಬ್ಬರು ಪುರುಷರು, ಇಬ್ಬರು ದೇವದೂತರು. ಶಿಷ್ಯರಿಗೆ ಯೇಸು ಕಾಣಿಸಿಕೊಂಡದ್ದು ಮತ್ತಾಯನಲ್ಲಿ ಗಲಿಲಾಯದಲ್ಲಿ, ಲೂಕನಲ್ಲಿ ಯೆರೂಸಲೇಮಿನ ಸುತ್ತ. 4ನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ, ಹೆಂಗಸರು ಹೆದರಿ ಓಡಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ನಿಂತುಹೋಗುತ್ತದೆ. ಮುಂದಿನ 12 ವಚನಗಳು ಆಮೇಲೆ ಸೇರಿದವು.

ಈ ಹೊಂದಿಕೆಯಿಲ್ಲದಿರುವಿಕೆಯನ್ನು ಹೇಗೆ ತೂಗಬೇಕು ಎಂಬಲ್ಲಿ ನೆನಪಿನ ವಿಜ್ಞಾನ ನೆರವಿಗೆ ಬರುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿಯಿತು. ಮಾರನೆಯ ಬೆಳಗ್ಗೆಯೇ ಎಮರಿ ವಿಶ್ವವಿದ್ಯಾಲಯದ ಉಲ್ರಿಕ್ ನೀಸರ್ ತಮ್ಮ ವಿದ್ಯಾರ್ಥಿಗಳಿಂದ ಆ ಸುದ್ದಿ ಎಲ್ಲಿ, ಯಾರಿಂದ, ಹೇಗೆ ತಿಳಿಯಿತೆಂದು ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆಗಳನ್ನು ಕೇಳಿದಾಗ 11 ಜನರ ಉತ್ತರದಲ್ಲಿ ಎಣಿಕೆಗೆ ತೆಗೆದುಕೊಂಡ ಒಂದು ವಿವರವೂ ಸರಿಯಿರಲಿಲ್ಲ. ತಪ್ಪು ಹೇಳಿದವರಲ್ಲೂ ಹಲವರಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆಯಿತ್ತು. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಆದರೆ ನೌಕೆ ಸಿಡಿದದ್ದನ್ನು ಯಾರೂ ಮರೆತಿರಲಿಲ್ಲ. ಮನಸ್ಸು ನಡುಗಿಸಿದ ಘಟನೆಯ ತಿರುಳು ಉಳಿಯುತ್ತದೆ, ಎಲ್ಲಿ, ಯಾರು, ಎಷ್ಟು ಹೊತ್ತಿಗೆ ಎಂಬ ಅಂಚುಗಳು ಕದಡುತ್ತವೆ. ಸುವಾರ್ತೆಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಂಥದೇ. ಅಂಚು ಕದಡಿದೆಯೆಂದು ನಡುವನ್ನೂ ಸುಳ್ಳೆನ್ನುವುದು ಸರಿಯಲ್ಲ. ನಾಲ್ಕರಲ್ಲೂ ಅಲುಗಾಡದೆ ಉಳಿದ ಹೆಸರು ಮಗ್ದಲದ ಮರಿಯಳದು. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಜೋಸೆಫಸ್ ಬರೆದ ಕಾಲ ಅದು. ಎರಡನೆಯ ಶತಮಾನದಲ್ಲಿ ಸೆಲ್ಸಸ್ ಎಂಬ ತತ್ತ್ವಜ್ಞಾನಿ ಕ್ರೈಸ್ತರನ್ನು ಹಂಗಿಸಿದ್ದೂ ಉನ್ಮಾದದ ಹೆಂಗಸಿನ ಮಾತು ನಂಬಿದಿರಿ ಎಂದೇ. ಕೇಳುವವರನ್ನು ಒಪ್ಪಿಸಲೆಂದೇ ಕಥೆ ಕಟ್ಟುವವರು ಇಂಥ ಮೊದಲ ಸಾಕ್ಷಿಯನ್ನು ಆರಿಸಿಕೊಳ್ಳುತ್ತಿರಲಿಲ್ಲ ಎಂಬ ವಾದ ನನಗೆ ಬಲವಾಗಿಯೇ ಕಾಣುತ್ತದೆ. ಪೌಲನ ಪಟ್ಟಿಯಿಂದ ಅವಳು ಬಿಟ್ಟುಹೋದದ್ದಕ್ಕೂ ಬಹುಶಃ ಇದೇ ಕಾರಣ.

ಅವರು ಕಂಡದ್ದಾದರೂ ಏನು? 1971ರಲ್ಲಿ ಡೀವಿ ರೀಸ್ ಎಂಬ ವೇಲ್ಸಿನ ವೈದ್ಯ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ ವರದಿ ಬರೆದರು. ಸುಮಾರು ಅರ್ಧದಷ್ಟು ಜನರಿಗೆ ಸತ್ತವರ ಅನುಭವ ಯಾವುದಾದರೊಂದು ರೀತಿಯಲ್ಲಿ ಆಗಿತ್ತು. ಶೇ. 39ರಷ್ಟು ಜನರಿಗೆ ಜೊತೆಯಲ್ಲೇ ಇದ್ದಾರೆ ಎಂಬ ಅರಿವು, ಶೇ. 14ರಷ್ಟು ಜನರಿಗೆ ಕಣ್ಣಿಗೆ ಕಂಡ ಅನುಭವ. ಅವರು ಹುಚ್ಚರಲ್ಲ, ಮನೆಗೆಲಸ, ಹೊಲಗೆಲಸ ಮಾಡಿಕೊಂಡಿದ್ದ ಸಾಮಾನ್ಯ ಜನ. ಗುರುವನ್ನು ಭೀಕರವಾಗಿ ಕಳೆದುಕೊಂಡ, ಅವನ ಕಷ್ಟಕಾಲದಲ್ಲಿ ಅವನನ್ನು ಅರಿಯೆ ಎಂದ ಪೇತ್ರನಿಗೆ ಇಂಥದೇ ಅನುಭವ ಆಗಿರಬಹುದು ಎಂಬ ವಿವರಣೆಯನ್ನು ಹಗುರವಾಗಿ ಕಾಣಬಾರದು. ಆದರೆ ವೇಲ್ಸಿನ ವಿಧವೆಯರು ಗಂಡ ಸಮಾಧಿಯಿಂದ ಎದ್ದುಬಂದನೆಂದು ಸಾರಲಿಲ್ಲ. ಸತ್ತವರು ಕಾಣಿಸುವುದು ಅಂದಿನ ಯೆಹೂದ್ಯರಿಗೂ ಗೊತ್ತಿದ್ದ ಸಂಗತಿ. ಅದನ್ನು ಅವರು ಪುನರುತ್ಥಾನ ಎನ್ನುತ್ತಿರಲಿಲ್ಲ. ಅವರಲ್ಲಿ ಫರಿಸಾಯರೆಂಬ ಪಂಥದವರು ನಂಬಿದ್ದ ಪುನರುತ್ಥಾನ ಕಾಲದ ಕೊನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಆಗುವಂಥದು. ಸದ್ದುಕಾಯರೆಂಬ ಇನ್ನೊಂದು ಪಂಥದವರು ಅದನ್ನೂ ನಂಬುತ್ತಿರಲಿಲ್ಲ. ನಡುಗಾಲದಲ್ಲಿ ಒಬ್ಬನೇ ಎದ್ದ ಎಂಬ ಮಾತು ಇಬ್ಬರ ನಿರೀಕ್ಷೆಯಲ್ಲೂ ಇರಲಿಲ್ಲ. ದುಃಖದ ವಿವರಣೆ ಪೌಲನಿಗಂತೂ ಹೊಂದುವುದೇ ಇಲ್ಲ. ಅವನು ಯೇಸುವಿಗಾಗಿ ಅತ್ತವನಲ್ಲ, ಯೇಸುವಿನವರನ್ನು ಬೇಟೆಯಾಡುತ್ತಿದ್ದವನು.

ಸಾಕ್ಷಿಯನ್ನು ಲೆಕ್ಕದಲ್ಲಿ ತೂಗುವ ವಿದ್ಯೆಯ ಬೆಳವಣಿಗೆಯಲ್ಲಿ ಈ ಜಗಳಕ್ಕೂ ಪಾಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಪವಾಡ ನಡೆಯಿತು ಎನ್ನುವುದಕ್ಕಿಂತ ಸಾಕ್ಷಿ ತಪ್ಪಿದ ಎನ್ನುವುದೇ ಎಂದಿಗೂ ಹೆಚ್ಚು ಸಂಭವ ಎಂಬರ್ಥದ ವಾದವನ್ನು ಡೇವಿಡ್ ಹ್ಯೂಮ್ 1748ರಲ್ಲಿ ಮುಂದಿಟ್ಟ. ಥಾಮಸ್ ಬೇಯ್ಸ್ ಬರೆದಿಟ್ಟು ಸತ್ತಿದ್ದ ಸಂಭವನೀಯತೆಯ ಪ್ರಬಂಧವನ್ನು 1763ರಲ್ಲಿ ಬೆಳಕಿಗೆ ತಂದ ರಿಚರ್ಡ್ ಪ್ರೈಸ್, ನಾಲ್ಕು ವರ್ಷಗಳ ನಂತರ ಅದೇ ಗಣಿತದ ಬಲದಿಂದ ಹ್ಯೂಮನಿಗೆ ಉತ್ತರ ಬರೆದ. ಲಾಟರಿಯಲ್ಲಿ ಒಂದು ನಿರ್ದಿಷ್ಟ ಸಂಖ್ಯೆ ಬರುವುದು ತೀರಾ ಅಸಂಭವ, ಆದರೂ ಪತ್ರಿಕೆಯಲ್ಲಿ ಓದಿದೊಡನೆ ನಂಬುತ್ತೇವೆ ಎಂದ. 1837ರಲ್ಲಿ ಗಣಕಯಂತ್ರದ ಕನಸುಗಾರ ಚಾರ್ಲ್ಸ್ ಬ್ಯಾಬೇಜ್, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾಕ್ಷಿಗಳು ಸಾಕಷ್ಟಿದ್ದರೆ ಎಂಥ ಅಸಂಭವವನ್ನೂ ಅವರ ಒಮ್ಮತ ಮೀರಬಲ್ಲದೆಂದು ಲೆಕ್ಕ ಹಾಕಿ ತೋರಿಸಿದ.

ತೊಡಕಿರುವುದು ಆ ಸಂಬಂಧವಿಲ್ಲದಿರುವಿಕೆಯಲ್ಲೇ. ಒಬ್ಬ ಸಾಕ್ಷಿ ಹತ್ತರಲ್ಲಿ ಒಂದು ಸಲ ತಪ್ಪುತ್ತಾನೆ ಎಂದಿಟ್ಟುಕೊಳ್ಳಿ. ಮೂವರು ತಮ್ಮಷ್ಟಕ್ಕೆ ತಾವು ಕಂಡದ್ದನ್ನು ಹೇಳಿದರೆ ಮೂವರೂ ತಪ್ಪಿರುವ ಸಂಭವ ಸಾವಿರದಲ್ಲಿ ಒಂದು. ಮೊದಲನೆಯವನ ಮಾತು ಕೇಳಿ ಉಳಿದಿಬ್ಬರು ಹೇಳಿದ್ದರೆ ಅದು ಹತ್ತರಲ್ಲಿ ಒಂದಾಗಿಯೇ ಉಳಿಯುತ್ತದೆ. ಜೊತೆಯಾಗಿ ಮಾತನಾಡಿಕೊಂಡ ಸಾಕ್ಷಿಗಳ ನೆನಪು ಎಷ್ಟು ಬೇಗ ಬೆರೆಯುತ್ತದೆ ಎಂಬುದನ್ನು ಫಿಯೋನಾ ಗ್ಯಾಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಯೋಗದಿಂದ ತೋರಿಸಿದರು. ಒಂದೇ ಘಟನೆಯನ್ನು ಬೇರೆ ಬೇರೆ ಕೋನದಿಂದ ಚಿತ್ರದಲ್ಲಿ ನೋಡಿ ಚರ್ಚಿಸಿದವರಲ್ಲಿ ಶೇ. 71 ಮಂದಿ ತಾವು ಕಾಣದ್ದನ್ನೂ ಕಂಡೆವೆಂದು ಬರೆದರು. ಹನ್ನೆರಡು ಮಂದಿ ಒಟ್ಟಿಗೆ ಬಾಳಿದವರು. ಅವರ ಸಾಕ್ಷಿಯನ್ನು ಹನ್ನೆರಡೆಂದು ಎಣಿಸಲಾಗದು. ಐನೂರಂತೂ ನಮಗೆ ಸಿಗುವುದು ಪೌಲನ ಒಂದೇ ವಾಕ್ಯದಿಂದ. ಪೇತ್ರ ಮತ್ತು ಪೌಲ, ಇಬ್ಬರನ್ನು ನಾನು ಬೇರೆ ಬೇರೆಯಾಗಿ ಎಣಿಸುತ್ತೇನೆ. ಮೂರನೆಯವನಾಗಿ ಯಾಕೋಬ ಬರುತ್ತಾನೆ: ಯೇಸು ಬದುಕಿದ್ದಾಗ ಅವನ ಸಹೋದರರು ಅವನನ್ನು ನಂಬಿರಲಿಲ್ಲವೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಅದೇ ಯಾಕೋಬ ಮುಂದೆ ಯೆರೂಸಲೇಮಿನ ಸಭೆಯ ಮುಖ್ಯಸ್ಥನಾದ. 62ರಲ್ಲಿ ಅವನನ್ನು ಕಲ್ಲೆಸೆದು ಕೊಲ್ಲಿಸಿದ್ದನ್ನು ಕ್ರೈಸ್ತನಲ್ಲದ ಜೋಸೆಫಸ್ ದಾಖಲಿಸಿದ್ದಾನೆ. ಇದೇ ಜೋಸೆಫಸನ ಹೆಸರಿನಲ್ಲಿ ಯೇಸು ಮೂರನೆಯ ದಿನ ಕಾಣಿಸಿಕೊಂಡ ಎಂಬ ಮಾತೂ ಇದೆಯಾದರೂ ಅದು ಕ್ರೈಸ್ತ ನಕಲುಗಾರರ ಕೈಸೇರಿಕೆ ಎಂದು ಬಹುಮತ. ಅದನ್ನು ಸಾಕ್ಷಿಯ ಲೆಕ್ಕಕ್ಕೆ ತರಬಾರದು.

ಮೂವರು ತಾವು ಸಾಯುವವರೆಗೂ ಬಿಡದಂಥ ಏನನ್ನೋ ಕಂಡರು ಎಂಬುದು, ನನ್ನ ತಿಳುವಳಿಕೆಯಲ್ಲಿ, ಪ್ರಾಚೀನ ಚರಿತ್ರೆ ಕೊಡಬಹುದಾದಷ್ಟು ಖಚಿತ. ಅದಕ್ಕೆ ಕಾರಣ ದೇವರು ಯೇಸುವನ್ನು ಎಬ್ಬಿಸಿದ್ದು ಎಂಬ ಮುಂದಿನ ಹೆಜ್ಜೆಯನ್ನು ಬೇಯ್ಸ್‌ನ ಸೂತ್ರ ತಾನಾಗಿ ಇಡಿಸುವುದಿಲ್ಲ. ಸಾಕ್ಷ್ಯ ನೋಡುವ ಮೊದಲೇ ಅಂಥದು ಎಷ್ಟು ಸಾಧ್ಯ ಎಂದು ಎಣಿಸಿದ್ದೇವೆ ಎಂಬ ಸಂಖ್ಯೆಯನ್ನು ಅದು ನಮ್ಮಿಂದಲೇ ಕೇಳುತ್ತದೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ರಿಚರ್ಡ್ ಸ್ವಿನ್‌ಬರ್ನ್ 2003ರಲ್ಲಿ ದೇವರಿರುವ ಸಂಭವ ಅರ್ಧಕ್ಕರ್ಧ ಎಂದು ಹಿಡಿದು, ಪುನರುತ್ಥಾನಕ್ಕೆ ಶೇ. 97 ಎಂಬ ಉತ್ತರಕ್ಕೆ ಬಂದರು. ಆ ಅರ್ಧವನ್ನು ಲಕ್ಷದಲ್ಲೊಂದಕ್ಕೆ ಇಳಿಸಿದವರಿಗೆ ಅದೇ ಸಾಕ್ಷ್ಯದಿಂದ ತೀರಾ ಬೇರೆ ಉತ್ತರ ಬರುತ್ತದೆ. ಇಬ್ಬರ ಗುಣಾಕಾರದಲ್ಲೂ ತಪ್ಪಿರುವುದಿಲ್ಲ.

ಗಾಟಿಂಗನ್‌ನಲ್ಲಿ ಹೊಸ ಒಡಂಬಡಿಕೆಯ ಪ್ರಾಧ್ಯಾಪಕರಾಗಿದ್ದ ಗೆರ್ಡ್ ಲ್ಯೂಡೆಮನ್, ಪೌಲನ ಪಟ್ಟಿಯ ಮುಖ್ಯ ಭಾಗಗಳು ಶಿಲುಬೆಯ ಘಟನೆಯಾದ ಎರಡು ಮೂರು ವರ್ಷಗಳೊಳಗಿನವು ಎಂದು ಒಪ್ಪಿದರು. ಪೇತ್ರನಿಗೂ ಪೌಲನಿಗೂ ಆದದ್ದು ಮನಸ್ಸಿನೊಳಗಿನ ದರ್ಶನ ಎಂದು ತೀರ್ಮಾನಿಸಿ, ಕ್ರೈಸ್ತ ನಂಬಿಕೆಯನ್ನೇ ತೊರೆದರು. ಯೆಹೂದಿ ವಿದ್ವಾಂಸ ಪಿಂಖಾಸ್ ಲಾಪಿಡೆ ಅದೇ ಪಟ್ಟಿಯನ್ನು ಓದಿ, ಹೆದರಿ ಚೆದುರಿದ್ದ ಶಿಷ್ಯರು ಕೆಲವೇ ದಿನಗಳಲ್ಲಿ ಬದಲಾದದ್ದಕ್ಕೆ ಬೇರೆ ಕಾರಣ ಸಾಲದೆಂದು, ಇಸ್ರೇಲಿನ ದೇವರು ಯೇಸುವನ್ನು ನಿಜವಾಗಿಯೂ ಎಬ್ಬಿಸಿದನೆಂದು ಬರೆದರು. ಅವರು ಕ್ರೈಸ್ತರಾಗಲಿಲ್ಲ. ಯೇಸು ಮೆಸ್ಸೀಯ ಎಂಬುದನ್ನು ಒಪ್ಪದೆ, ಕೊನೆಯವರೆಗೂ ಯೆಹೂದಿಯಾಗಿಯೇ ಬಾಳಿದರು.